ಅವಳು ಉಸಿರೆಳೆದುಕೊಂಡಷ್ಟು ಹೊತ್ತು

ಕ್ಷೌರದ ಅಂಗಡಿಯ ಕುರ್ಚಿಯಲ್ಲಿ ತಲೆ ಹಿಂದಕ್ಕೆ ವಾಲಿಸಿ ಕೂತಾಗ ಕನ್ನಡಿಯಲ್ಲಿ ಅವನಿಗೆ ತಾನು ಎರಡು ಸಲ ಕಾಣಿಸಿದ. ಮುಖದ ತುಂಬ ನೊರೆ ಬಳಿಸಿಕೊಂಡವನು ಒಬ್ಬ. ಹಿಂದಿನ ಗೋಡೆಯ ಟೀವಿಯಲ್ಲಿ, ಬಲಗೆನ್ನೆಯ ಮಚ್ಚೆ ಎಡಕ್ಕೆ ಹೋಗಿ, ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದವನು ಇನ್ನೊಬ್ಬ. ನಿನ್ನೆಯ ಚರ್ಚೆಯನ್ನೇ ಮತ್ತೆ ಹಾಕಿದ್ದರು. ಆರು ಚೌಕಗಳಲ್ಲಿ ಆರು ತಲೆ. ಅವನದು ಕೆಳಗಿನ ಸಾಲಿನ ಕೊನೆಯದು, ಓಡುವ ಸುದ್ದಿಪಟ್ಟಿ ಗಲ್ಲವನ್ನು ಅರ್ಧ ನುಂಗಿದ್ದ ಚೌಕ. ಸದ್ದಿಲ್ಲದಿದ್ದರೂ ತಾನು ಏನು ಹೇಳುತ್ತಿದ್ದೇನೆಂದು ಅವನಿಗೆ ತುಟಿ ನೋಡಿಯೇ ತಿಳಿಯಿತು. ಕ್ಷೌರಿಕನಿಗೂ ತಿಳಿಯಿತು. "ಏನ್ ಒಂದ್ನಿಮಿಷ ಸಾರ್, ನಿನ್ನೇನೂ ಬಿಡ್ಲಿಲ್ವಾ ಅವ್ರು?" ಎಂದು ಕತ್ತಿಯನ್ನು ಗಂಟಲ ಹತ್ತಿರ ತಂದ. ಕತ್ತಿ ಅಲ್ಲಿರುವಾಗ ನಗುವುದೂ ಕಷ್ಟ, ಸಿಟ್ಟು ಮಾಡುವುದೂ ಕಷ್ಟ. ಅವನು ಕಣ್ಣು ಮುಚ್ಚಿಕೊಂಡ. ಸಣ್ಣ ಪಕ್ಷವೊಂದರ ವಕ್ತಾರನಾಗಿ ಟೀವಿಗೆ ಹೋಗಲು ಶುರುಮಾಡಿದಾಗ ಬೀದಿಯವರೆಲ್ಲ ಅವನನ್ನು ವಕೀಲರೇ ಎನ್ನುತ್ತಿದ್ದರು. ಹೋಗುತ್ತ ಹೋಗುತ್ತ, ಪ್ರತಿ ಚರ್ಚೆಯಲ್ಲೂ ಅವನ ಬಾಯಿಂದ ಪೂರ್ತಿಯಾಗಿ ಹೊರಬರುತ್ತಿದ್ದ ಮಾತು ಅದೊಂದೇ ಆದ್ದರಿಂದ, ಅದೇ ಅವನ ಹೆಸರಾಯಿತು. ಒಂದ್ನಿಮಿಷ, ಒಂದ್ನಿಮಿಷ, ನಾನು ಹೇಳೋದು ಕೇಳಿ, ಒಂದ್ನಿಮಿಷ.

ಹೇಳುವುದು ಇರಲಿಲ್ಲವೆಂದಲ್ಲ. ಹೇಳುವುದು ಇದ್ದುದರಿಂದಲೇ ಈ ಸಂಕಟ. ಮೊದಲು ಆಡಳಿತ ಪಕ್ಷದ ವಕ್ತಾರ. ಆ ಮನುಷ್ಯ ಮಾತಿನ ನಡುವೆ ಉಸಿರು ತೆಗೆದುಕೊಂಡದ್ದನ್ನು ಕಂಡವರಿಲ್ಲ. ಆಮೇಲೆ ದೊಡ್ಡ ವಿರೋಧ ಪಕ್ಷದವರು. ಆಮೇಲೆ ನಿವೃತ್ತ ಅಧಿಕಾರಿ, ಕೆಲಸದಲ್ಲಿದ್ದಾಗ ಬಾಯಿ ಬಿಡದೆ ಇದ್ದು ಈಗ ಅದನ್ನೆಲ್ಲ ಸೇರಿಸಿ ತೀರಿಸುತ್ತಿದ್ದವರು. ಇವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಮುಗಿಸಿದ ಮೇಲೆ ನಿರೂಪಕ ಕಿವಿಯ ಗುಂಡಿಯನ್ನು ಒತ್ತಿಕೊಂಡು, ಇವನ ಚೌಕದ ಕಡೆ ನೋಡಿ, "ಚುಟುಕಾಗಿ" ಎನ್ನುತ್ತಿದ್ದ. ಕೋರ್ಟಿನಲ್ಲಿ ನ್ಯಾಯಾಧೀಶರು ಕೂಡ ಹಾಗೆ ಹೇಳುತ್ತಿರಲಿಲ್ಲ. ಅಲ್ಲಿ ಮಾತಿಗೆ ಮೊದಲು, ನಡು, ಕೊನೆ ಅಂತ ಇತ್ತು. ಇಲ್ಲಿ ಅವನು "ಈ ಪ್ರಶ್ನೆಯನ್ನು ಮೂರು ದೃಷ್ಟಿಯಿಂದ ನೋಡಬೇಕಾಗುತ್ತೆ" ಎನ್ನುವಷ್ಟರಲ್ಲಿ ಸೋಪಿನ ಜಾಹೀರಾತು ಬಂದಿರುತ್ತಿತ್ತು. ಮೂರು ದೃಷ್ಟಿಗಳೂ ಅವನ ಜೊತೆಯಲ್ಲೇ ಕಾರು ಹತ್ತಿ ಮನೆಗೆ ಬಂದು, ಊಟದ ಹೊತ್ತಿಗೆ ಹೆಂಡತಿಯ ಕಿವಿಗೆ ಬೀಳುತ್ತಿದ್ದವು.

ಹೆಂಡತಿ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳು. ಗಾಜಿನ ಗೂಡಿನಲ್ಲಿ ಕೂತು ಯಾವ ಊರಿನ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆಂದು ಹೇಳುತ್ತ ವರ್ಷಗಟ್ಟಲೆ ಕಳೆದವಳು; ಈವರೆಗೆ ಅವಳ ಮಾತನ್ನು ನಡುವೆ ತಡೆದವರಿಲ್ಲ. "ಕೇಳೋರೂ ಇಲ್ಲ, ಅದು ಬೇರೆ ವಿಷಯ" ಎಂದು ಅವಳೇ ನಗುತ್ತಿದ್ದಳು. ಅವತ್ತು ಬೆಳಿಗ್ಗೆ ಅವನು ಕ್ಷೌರ ಮುಗಿಸಿಕೊಂಡು ಬಂದು ಮುಖ ಗಂಟು ಹಾಕಿ ಕೂತದ್ದನ್ನು ನೋಡಿ, ಡಬ್ಬಿಯ ಮುಚ್ಚಳ ಹಾಕುತ್ತ, "ರೀ, ನಿಮ್ಮದು ಒಂದೇ ತಪ್ಪು. ನೀವು ಕೇಳ್ತೀರಿ. ಕೇಳಿದ್ರೆ ಯಾರೂ ಕೊಡಲ್ಲ. ಯಾರೋ ಒಬ್ರು ಉಸಿರೆಳ್ಕೋಬೇಕಲ್ಲ, ಆಗ ನುಗ್ಗಿಬಿಡಿ. ನುಗ್ಗಿದ ಮೇಲೆ ನಿಲ್ಲಬೇಡಿ" ಎಂದಳು. ಕಾಲುಚೀಲ ಹಾಕಿಕೊಳ್ಳುತ್ತಿದ್ದ ಮಗಳು, "ಅಪ್ಪ, ನಿನ್ನೆ ಸೋಪಿನವಳು ನಿನಗಿಂತ ಜಾಸ್ತಿ ಮಾತಾಡಿದ್ಲು ಗೊತ್ತಾ" ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ತರಗತಿಯಲ್ಲಿ ಯಾರೋ ಅವಳನ್ನು ಒಂದ್ನಿಮಿಷದ ಮಗಳು ಎಂದು ಕರೆದಿರಬೇಕು, ಅದನ್ನು ಹೇಳಲಾರದೆ ಇದನ್ನು ಹೇಳುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಕೇಳಲು ಧೈರ್ಯವಾಗಲಿಲ್ಲ.

ಮಧ್ಯಾಹ್ನ ವಾಹಿನಿಯಿಂದ, ಅತಿಥಿಗಳನ್ನು ಕರೆಸುವ ಹುಡುಗಿಯ ಫೋನು. ಸಂಜೆಯ ಚರ್ಚೆ, ವಿಷಯ ಆಸ್ಪತ್ರೆಯದು. ಊರಿನ ಹಳೆಯ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗವನ್ನು ಸರ್ಕಾರ ಸದ್ದಿಲ್ಲದೆ ಮುಚ್ಚಿತ್ತು. ಎದೆನೋವೆಂದು ಆಂಬುಲೆನ್ಸ್ ಹತ್ತಿದ ಒಬ್ಬ ಟೇಲರು, ಊರಾಚೆಯ ದೊಡ್ಡ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡಿದ್ದ. "ಅವರ ಹೆಂಡತೀನೂ ಬರ್ತಾರೆ ಸರ್. ಇವತ್ತು ನಿಮಗೆ ಗ್ಯಾರಂಟಿ ಟೈಮ್ ಕೊಡಿಸ್ತೀನಿ" ಎಂದಳು ಹುಡುಗಿ. ಅವಳು ಪ್ರತಿ ಸಲವೂ ಹಾಗೇ ಹೇಳುತ್ತಿದ್ದಳು. ಹಾಗೆ ಹೇಳುವಾಗ ಅವಳು ನಿಜವಾಗಿಯೂ ಅದನ್ನು ನಂಬಿರುತ್ತಿದ್ದಳೆಂದು ಅವನಿಗೆ ಗೊತ್ತಿದ್ದರಿಂದ ರೇಗಲು ಆಗುತ್ತಿರಲಿಲ್ಲ.

ಮೇಕಪ್ ಕೋಣೆಯಲ್ಲಿ ಟೇಲರನ ಹೆಂಡತಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪೌಡರಿನ ಹುಡುಗಿ ಹತ್ತಿರ ಬಂದರೆ, ಬೇಡ ಎನ್ನಬಹುದೋ ಇಲ್ಲವೋ ತಿಳಿಯದೆ ಕತ್ತನ್ನು ಸ್ವಲ್ಪ ಹಿಂದೆ ಮಾಡಿಕೊಂಡಳು. ಅಲ್ಲಿಗೆ ಎಷ್ಟೋ ಸಲ ಬಂದುಹೋದವನ ಸಲುಗೆಯಿಂದ ಅವನು, "ಧೈರ್ಯವಾಗಿ ಮಾತಾಡಿ ತಾಯಿ" ಎಂದ. ಅವಳು ಅವನನ್ನು ನೋಡಿ, "ಮಾತಾಡೋಕೆ ಬಿಡ್ತಾರಾ?" ಎಂದು ಕೇಳಿದಳು. ನೇರವಾದ ಪ್ರಶ್ನೆ. ಅವನಿಗೆ ಎದೆಯೊಳಗೆ ಬೆಚ್ಚಗಾಯಿತು; ಈ ಕಟ್ಟಡದಲ್ಲಿ ತನ್ನ ಪ್ರಶ್ನೆಯನ್ನೇ ಕೇಳುವ ಇನ್ನೊಬ್ಬರು ಸಿಕ್ಕಂತಾಯಿತು. "ನಾನಿದ್ದೀನಲ್ಲ" ಎಂದ. ಅವಳು ತಲೆಯಾಡಿಸಿ, ತುಟಿಯಲ್ಲೇ ಏನನ್ನೋ ಹೇಳಿಕೊಂಡು ನೋಡತೊಡಗಿದಳು, ಪಾಠ ಒಪ್ಪಿಸುವ ಮೊದಲು ಮಕ್ಕಳು ಹೇಳಿಕೊಳ್ಳುವ ಹಾಗೆ.

ಸ್ಟುಡಿಯೋದ ದೀಪಗಳ ಕೆಳಗೆ ಎಲ್ಲವೂ ಎಂದಿನಂತೆಯೇ ನಡೆಯಿತು. ಆಡಳಿತ ಪಕ್ಷದ ವಕ್ತಾರ ಮಾತಾಡಿದ. ಮುಚ್ಚಿಲ್ಲ, ವಿಲೀನ ಮಾಡಿದ್ದೇವೆ ಎಂದ. ವಿರೋಧ ಪಕ್ಷದವರು ಕೂಗಿದರು. ನಿವೃತ್ತ ಅಧಿಕಾರಿ ತಮ್ಮ ಕಾಲದ ಆಸ್ಪತ್ರೆಗಳ ಬಗ್ಗೆ ಶುರುಮಾಡಿದರು. ಅವನು ಕೈ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಎದುರಿನ ಪರದೆಯಲ್ಲಿ, ಸಿಗ್ನಲ್ಲಿನಲ್ಲಿ ಆಟೋ ನಿಲ್ಲಿಸಲು ನೋಡುತ್ತಿರುವವನಂತೆ ಕಾಣುತ್ತಿದ್ದ. ಆಗ ನಿರೂಪಕ ದನಿ ತಗ್ಗಿಸಿ, ಮುಖಕ್ಕೆ ಬೇಕಾದ ನೋವನ್ನು ತಂದುಕೊಂಡು, "ಅಮ್ಮಾ, ಆ ದಿನ ಏನಾಯ್ತು, ನಾಡಿನ ಜನಕ್ಕೆ ಹೇಳಿ" ಎಂದ. ಎಲ್ಲರೂ ಸುಮ್ಮನಾದರು. ಆ ಕೋಣೆಯಲ್ಲಿ ಹಾಗೆ ಎಲ್ಲರೂ ಸುಮ್ಮನಾದದ್ದನ್ನು ಅವನು ಅದೇ ಮೊದಲು ಕೇಳಿದ್ದು. ತಂಪು ಗಾಳಿಯ ಯಂತ್ರಕ್ಕೂ ಒಂದು ಸದ್ದಿತ್ತು. "ಬೆಳಿಗ್ಗೆ ಅವ್ರು ಚೆನ್ನಾಗೇ ಇದ್ರು" ಎಂದಳು ಅವಳು. "ಒಂದು ಕೋಟು ಕತ್ತರಿಸ್ತಿದ್ರು. ಅವ್ರು ಕತ್ತರಿಸೋದು, ನಾನು ಹೊಲಿಯೋದು. ಎದೆ ಹಿಡ್ಕೊಂಡ್ರು. ಫೋನ್ ಮಾಡಿದ್ವಿ. ಆಮೇಲೆ ಆ ಡ್ರೈವರು..." ಎಂದು ನಿಲ್ಲಿಸಿ, ಮುಂದಿನ ಮಾತಿಗೆ ಉಸಿರೆಳೆದುಕೊಂಡಳು.

ನುಗ್ಗಿದವನು ತಾನೇ ಎಂದು ಅವನಿಗೆ ಗೊತ್ತಾಗಿದ್ದು ತನ್ನ ದನಿ ಕೇಳಿದ ಮೇಲೆ. "ಡ್ರೈವರು! ಅದನ್ನೇ ನಾನೂ ಕೇಳ್ತಿರೋದು! ಆ ಡ್ರೈವರು ಎಲ್ಲಿದ್ದ? ಈ ತಾಯಿಯ ಗಂಡ ಎದೆ ಹಿಡ್ಕೊಂಡು ಒದ್ದಾಡ್ತಿದ್ರೆ ಆಂಬುಲೆನ್ಸ್ ಎಲ್ಲಿ ಹೋಗಿತ್ತು? ದಾರೀಲಿ ಟೀ ಕುಡೀತಿದ್ನಾ? ಆಂಬುಲೆನ್ಸಿನ ಗುತ್ತಿಗೆ ಯಾರ ನೆಂಟರಿಗೆ ಕೊಟ್ಟಿದ್ದೀರಿ ಹೇಳಿ!" ಯಾರೂ ತಡೆಯಲಿಲ್ಲ. ನಿರೂಪಕ ಕಿವಿಯ ಗುಂಡಿ ಒತ್ತಿಕೊಂಡು, ಬಿಡಿ ಬಿಡಿ ಎನ್ನುವಂತೆ ಕಣ್ಣಲ್ಲೇ ಸನ್ನೆ ಮಾಡಿದ. ಮಾತು ಹರಿಯಿತು. ಎಷ್ಟೋ ಸಂಜೆಗಳಿಂದ ಗಂಟಲಲ್ಲಿ ಕೂತಿದ್ದ ಪೂರ್ಣವಿರಾಮಗಳೆಲ್ಲ ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಿದ್ದವು. ಮೊದಲು, ನಡು, ಕೊನೆ. ಪರದೆಯಲ್ಲಿ ಅವನ ಚೌಕ ದೊಡ್ಡದಾಗುತ್ತ ಹೋಗಿ ಪಕ್ಕದವರೆಲ್ಲ ಅಂಚೆಚೀಟಿಯಷ್ಟಾದರು. ಆ ಚೀಟಿಗಳಲ್ಲೊಂದರಲ್ಲಿ ಅವಳ ಬಾಯಿ ಇನ್ನೂ ಅರ್ಧ ತೆರೆದಿತ್ತು. ಅವನು ಅದನ್ನು ಕಂಡ. ಕಂಡೂ ಮುಂದುವರಿಸಿದ, ಇದೊಂದು ವಾಕ್ಯ ಮುಗಿಸಿಬಿಡುತ್ತೇನೆ ಎಂದುಕೊಂಡು. ಆ ವಾಕ್ಯದ ತುದಿಗೆ ಇನ್ನೊಂದು ಅಂಟಿಕೊಂಡು ಬಂತು. ಅವನು ಮುಗಿಸಿದಾಗ ಆಡಳಿತ ಪಕ್ಷದ ವಕ್ತಾರ, ಎಂದೂ ಇಲ್ಲದ ಮೃದುತ್ವದಿಂದ, "ಅವರು ಹೇಳೋದು ಸರಿ ಇದೆ. ಆ ಡ್ರೈವರನ್ನ ಅಮಾನತು ಮಾಡಿದ್ದೀವಿ, ಕೆಲಸದಿಂದಲೇ ತೆಗೀತೀವಿ" ಎಂದ. ಗೆದ್ದೆ ಎಂದುಕೊಳ್ಳುವಾಗಲೇ, ಎದುರಾಳಿ ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಯಾಕೆಂದು ಅವನಿಗೆ ಒಳಗೆಲ್ಲೋ ಚುರುಕ್ಕೆಂದಿತು. "ಸಮಯದ ಅಭಾವ" ಎಂದ ನಿರೂಪಕ. ಸೋಪಿನವಳು ಬಂದಳು.

ವಾಪಸು ಹೋಗಲು ಒಂದೇ ಕಾರಿತ್ತು. ಅವನೂ ಟೇಲರನ ಹೆಂಡತಿಯೂ ಒಂದೇ ಕಡೆಯವರು. ಹಿಂದಿನ ಸೀಟಿನಲ್ಲಿ ನಡುವೆ ಅವಳ ಕೈಚೀಲ. ಸಂಜೆಯ ಬೆಳಕು ಇನ್ನೂ ಇತ್ತು. ಅಂಗಡಿಗಳ ಮುಂದೆ ನೀರು ಚಿಮುಕಿಸುತ್ತಿದ್ದರು, ಶಾಲೆಯ ಮಕ್ಕಳು ಚೀಲವನ್ನು ತಲೆಗೆ ನೇತುಹಾಕಿಕೊಂಡು ರಸ್ತೆ ದಾಟುತ್ತಿದ್ದರು. ಅವನ ಫೋನು ಎದೆಯ ಜೇಬಿನಲ್ಲಿ ಮತ್ತೆ ಮತ್ತೆ ನಡುಗಿತು. ಪಕ್ಷದ ಅಧ್ಯಕ್ಷರು: "ಶಹಬ್ಬಾಸ್ ಕಣಯ್ಯಾ! ಇವತ್ತು ಚಿಂದಿ ಮಾಡಿಬಿಟ್ಟೆ." ಹೆಂಡತಿ: "ನೋಡಿದ್ರಾ, ಹೇಳ್ಲಿಲ್ವಾ ನಾನು." ಅವನು ಎಲ್ಲರಿಗೂ ಹ್ಞೂಂ ಹ್ಞೂಂ ಎಂದ. ಫೋನು ಸುಮ್ಮನಾದಾಗ ಪಕ್ಕದಲ್ಲಿದ್ದ ಅವಳು, "ಚೆನ್ನಾಗಿ ಮಾತಾಡಿದ್ರಿ" ಎಂದಳು. ವ್ಯಂಗ್ಯವೇನೋ ಎಂದು ತಿರುಗಿ ನೋಡಿದ. ಇರಲಿಲ್ಲ. ಮನೆಗೆ ಬಂದವರನ್ನು ಕಳಿಸಿಕೊಡುವಾಗ ಹೇಳುವಂಥ ಮಾತು ಅದು. "ನೀವು ಏನೋ ಹೇಳ್ತಾ ಇದ್ರಿ, ತಾಯಿ" ಎಂದ. ಅವಳು ಸ್ವಲ್ಪ ನಕ್ಕಳು. "ತಾಯಿ ತಾಯಿ ಅಂತೀರಲ್ಲ, ನಾನು ನಿಮಗಿಂತ ಚಿಕ್ಕವಳೇ ಇರ್ಬೇಕು." ಅವನು ಮೊದಲ ಸಲ ಅವಳ ಮುಖ ನೋಡಿದ. ಹೌದು, ಚಿಕ್ಕವಳು.

"ಆ ಡ್ರೈವರ್ ತಡ ಮಾಡ್ಲಿಲ್ಲ" ಎಂದಳು ಅವಳು, ಕಿಟಕಿಯ ಕಡೆ ನೋಡುತ್ತ. "ಫೋನ್ ಇಟ್ಟು ನಾನು ಚಪ್ಪಲಿ ಹುಡುಕೋಷ್ಟ್ರಲ್ಲಿ ಬಂದ. ಹಳೇ ಆಸ್ಪತ್ರೆಗೆ ಕರ್ಕೊಂಡು ಹೋದ. ಬಾಗಿಲಿಗೆ ಬೀಗ. ಮುಚ್ಚಿದ್ದಾರೆ ಅಂತ ಅವನಿಗೆ ಯಾರೂ ಹೇಳಿರ್ಲಿಲ್ಲ. ಬೋರ್ಡೂ ಇರ್ಲಿಲ್ಲ. ಅಲ್ಲಿಂದ ತಿರುಗಿಸ್ಕೊಂಡು ದೊಡ್ಡಾಸ್ಪತ್ರೆಗೆ. ಈಗ ಅವನದೇ ತಪ್ಪು ಅಂತಿದ್ದಾರೆ. ಅವನ ಹೆಂಡ್ತಿ ಬಂದು ನಮ್ಮ ಅಂಗಡೀಲಿ ಅತ್ಲು. ನಾನು ಟೀವೀಲಿ ಹೇಳ್ತೀನಿ ಬಿಡು ಅಂದಿದ್ದೆ." ಆಮೇಲೆ, ಅವನ ಮುಖ ಕಂಡು ಅಯ್ಯೋ ಅನ್ನಿಸಿರಬೇಕು, "ನಿಮಗೆ ಗೊತ್ತಿರ್ಲಿಲ್ವಲ್ಲ" ಎಂದಳು.

ಗೊತ್ತಿರಲಿಲ್ಲ ನಿಜ. ಕೇಳಿದ್ದರೆ ಗೊತ್ತಾಗುತ್ತಿತ್ತು, ಮೇಕಪ್ ಕೋಣೆಯಲ್ಲಿ ಬೇಕಾದಷ್ಟು ಹೊತ್ತಿತ್ತು, ಅಲ್ಲಿ ಅವನು ಕನ್ನಡಿಯಲ್ಲಿ ತನ್ನ ಕಾಲರು ಸರಿಮಾಡಿಕೊಳ್ಳುತ್ತಿದ್ದ. ಅವನಿಗೆ ತನ್ನ ಅಮ್ಮ ನೆನಪಾದಳು. ಆಸ್ಪತ್ರೆಯ ಬೆಂಚಿನಲ್ಲಿ ಅಪ್ಪ, ಅಮ್ಮ, ನಡುವೆ ಚಡ್ಡಿ ಹಾಕಿಕೊಂಡ ತಾನು. ಡಾಕ್ಟರು "ಎಲ್ಲಿ ನೋಯುತ್ತಮ್ಮಾ" ಎಂದು ಕೇಳುತ್ತಾರೆ. ಅಮ್ಮ ಬಾಯಿ ತೆರೆಯುತ್ತಾಳೆ. ಅಪ್ಪ, "ಅವಳಿಗೆ ಬೆನ್ನು ಡಾಕ್ಟ್ರೇ, ಎರಡು ತಿಂಗಳಾಯ್ತು" ಎನ್ನುತ್ತಾನೆ. ಅಪ್ಪ ಕೆಟ್ಟವನಲ್ಲ, ಅಮ್ಮನ ಔಷಧಕ್ಕಾಗಿ ಬಿಸಿಲಲ್ಲಿ ಊರೆಲ್ಲ ಸುತ್ತಿದವನು. ಅಮ್ಮನಿಗೂ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ, ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು ಗೋಡೆಯ ಮೇಲಿನ ಎಲುಬುಗೂಡಿನ ಚಿತ್ರ ನೋಡುತ್ತಿದ್ದಳು. ಅಮ್ಮನಿಗೆ ನೋಯುತ್ತಿದ್ದದ್ದು ಬೆನ್ನೋ ಬೇರೆಲ್ಲೋ ಎನ್ನುವುದು ಅವನಿಗೆ ಇವತ್ತಿಗೂ ತಿಳಿಯದು.

ಅವನು ಕಾರಿನಲ್ಲೇ ವಾಹಿನಿಯ ಹುಡುಗಿಗೆ ಫೋನು ಮಾಡಿದ. ನಾಳೆ ಇವರನ್ನು ಮತ್ತೆ ಕೂರಿಸಿ, ನನ್ನ ಜಾಗ ಕೊಡ್ತೀನಿ ಎಂದ. "ಸರ್, ಇವತ್ತು ನೀವೇ ಹೀರೋ! ನಿಮ್ಮ ತುಣುಕು ಎಲ್ಲಾ ಕಡೆ ಓಡ್ತಿದೆ" ಎಂದಳು ಹುಡುಗಿ. "ಆದ್ರೆ ನಾಳೆ ವಿಷಯ ಬೇರೆ ಸರ್. ರಸ್ತೆ ಅಗಲ ಮಾಡೋದು. ನೀವು ಬನ್ನಿ, ನಾಳೇನೂ ಗ್ಯಾರಂಟಿ." ಮಾರನೆಯ ದಿನ ಅವನು ಹೋದ. ಹೊರಡುವ ಮುಂಚೆ ಅವನು ವಿಷಯ ತಿಳಿಸಿದಾಗ ಅಧ್ಯಕ್ಷರು ಎಚ್ಚರಿಸಿದ್ದರು: "ತಪ್ಪಾಯ್ತು ಗಿಪ್ಪಾಯ್ತು ಅಂದು ಪಕ್ಷದ ಮಾನ ತೆಗೀಬೇಡ. ಡ್ರೈವರ್ ಯಾವನೋ, ನಮಗೇನು." ಈ ಸಲ ನಿರೂಪಕ ಮೊದಲಿಗೇ ಅವನ ಹತ್ತಿರ ಬಂದ, ನಗುತ್ತ. ಅವನು, "ನಿನ್ನೆ ನಾನು ಆಂಬುಲೆನ್ಸ್ ಚಾಲಕರ ಬಗ್ಗೆ ಹೇಳಿದ್ದು ಸುಳ್ಳು, ಆ ಹೆಣ್ಣುಮಗಳು ಹೇಳೋಕೆ ಹೊರಟಿದ್ದು..." ಎಂದ. "ಸರ್, ರಸ್ತೆಗೆ ಬನ್ನಿ" ಎಂದ ನಿರೂಪಕ. "ರಸ್ತೆಗೇ ಬರ್ತೀನಿ, ಆ ಚಾಲಕರು..." ಅಷ್ಟರಲ್ಲಿ ಅವನ ಮಾತು ಅವನ ಕಿವಿಗೇ ದೂರವಾಯಿತು, ಯಾರೋ ಒಳಗೆ ಗುಂಡಿ ತಿರುಗಿಸಿದ್ದರು. ಪರದೆಯಲ್ಲಿ ಅವನ ತುಟಿ ಅಲ್ಲಾಡುತ್ತಿತ್ತು, ನಿವೃತ್ತ ಅಧಿಕಾರಿಯ ದನಿ ಕೇಳುತ್ತಿತ್ತು. ಅವನಿಗೆ ಸಿಟ್ಟು ಬರಬೇಕಿತ್ತು. ಬದಲು, ಮೊದಲ ಸಲ, ಈ ಅವಮಾನ ಬರಿಯ ತನ್ನದಲ್ಲ ಅನ್ನಿಸಿತು. ಚರ್ಚೆ ಮುಗಿಯುವ ಮುಂಚೆಯೇ ಎದ್ದು, ಕಾಲರಿನ ಮೈಕು ಬಿಚ್ಚಿ ಮೇಜಿನ ಮೇಲಿಟ್ಟು ಹೊರಗೆ ಬಂದ. ಪಕ್ಷ ಆಮೇಲೆ ಬೇರೆಯವನನ್ನು ವಕ್ತಾರನನ್ನಾಗಿ ಮಾಡಿತು.

ಚಾಲಕನ ಮೇಲಿನ ವಿಚಾರಣೆ ಆರೋಗ್ಯ ಇಲಾಖೆಯ ಕಚೇರಿಯಲ್ಲಿ ನಡೆಯುವುದಿತ್ತು. ಅವನು ಅಲ್ಲಿಗೆ ಹೋಗಿ, ಚಾಲಕನ ಪರವಾಗಿ ನಾನು ನಿಲ್ಲುತ್ತೇನೆ, ತೀರಿಕೊಂಡವರ ಹೆಂಡತಿಯನ್ನು ಸಾಕ್ಷಿಯಾಗಿ ಕರೆಯಿರಿ ಎಂದ. ಚಾಲಕ ಮೊದಲು ಒಪ್ಪಲಿಲ್ಲ. "ಟೀವೀಲಿ ನನಗೆ ಟೀ ಕುಡಿಸಿದೋರು ನೀವೇ ಅಲ್ವಾ" ಎಂದ. ಹೌದು ನಾನೇ ಎಂದ ಇವನು. ಚಾಲಕ ಬಹಳ ಹೊತ್ತು ಇವನ ಬೂಟುಗಳನ್ನು ನೋಡುತ್ತಿದ್ದು, "ಆ ಅಕ್ಕ ಬರೋದಾದ್ರೆ ಸರಿ" ಎಂದ.

ವಿಚಾರಣೆಯ ಕೋಣೆ ಚಿಕ್ಕದು. ಒಂದು ಮೇಜು, ನಾಲ್ಕು ಕುರ್ಚಿ, ಸದ್ದು ಮಾಡುವ ಫ್ಯಾನು. ಅಧಿಕಾರಿಗೆ ನೆಗಡಿಯಾಗಿತ್ತು. ಅವಳು ಹೇಳತೊಡಗಿದಳು, ಮತ್ತೆ ಕೋಟಿನಿಂದಲೇ. ಅದು ಯಾರ ಕೋಟು, ಬಟ್ಟೆ ಎಂಥದ್ದು, ತೋಳು ಕತ್ತರಿಸುವಾಗ ಅವರು ಎಂದೂ ಮಾತಾಡುತ್ತಿರಲಿಲ್ಲ, ಅವತ್ತು ಮಾತ್ರ ಯಾಕೋ ಮಾತಾಡುತ್ತಿದ್ದರು. ಅಧಿಕಾರಿ ಮೂಗೊರೆಸಿಕೊಂಡು, "ವಕೀಲ್ರೇ, ಇದನ್ನೆಲ್ಲ ನೀವೇ ಒಂದೆರಡು ಮಾತಲ್ಲಿ ಹೇಳಿಬಿಡಿ, ಬೇಗ ಮುಗಿಯುತ್ತೆ" ಎಂದರು. ಅವನ ನಾಲಗೆಯ ಮೇಲೆ ಆ ಒಂದೆರಡು ಮಾತು ಸಿದ್ಧವಾಗಿ ಕೂತಿದ್ದವು, ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ: ಚಾಲಕ ನಿರ್ಲಕ್ಷ್ಯ ತೋರಿಲ್ಲ, ವಿಭಾಗ ಮುಚ್ಚಿದ ಮಾಹಿತಿಯನ್ನು ಇಲಾಖೆ ಕೊಟ್ಟಿರಲಿಲ್ಲ. "ಇಲ್ಲ ಸಾರ್, ಅವರೇ ಹೇಳ್ತಾರೆ" ಎಂದ. ಹೇಳಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತ. ಅವಳು ಚಪ್ಪಲಿಯ ವಿಷಯಕ್ಕೆ ಬಂದಳು. ಬೀಗದ ವಿಷಯಕ್ಕೆ ಬಂದಳು. ಚಾಲಕ ಇಳಿದು ಬಾಗಿಲನ್ನು ಗುದ್ದಿದ್ದು, ಒಳಗಿನಿಂದ ಒಂದು ಬೆಕ್ಕು ಹೊರಗೆ ಬಂದದ್ದು. ಬೆಕ್ಕು ಯಾಕೆ ಬೇಕು ಎಂದು ಅವನ ಒಳಗಿನ ವಕೀಲ ಚಡಪಡಿಸಿದ. ಅವಳು ಅಲ್ಲಲ್ಲಿ ನಿಲ್ಲುತ್ತಿದ್ದಳು. ನಿಂತಾಗಲೆಲ್ಲ ಅವನ ತುಟಿ ತಾನಾಗಿ ಅದುರುತ್ತಿತ್ತು.

"ಅಲ್ಲಿಂದ ಹೊರಟ ಮೇಲೆ" ಎಂದಳು, "ಇವನು ಮುಂದಿನಿಂದ ಮಾತಾಡಿಸ್ತಾ ಇದ್ದ. ನಡುವೆ ಒಂದು ಸಣ್ಣ ಕಿಟಕಿ ಇರುತ್ತಲ್ಲ, ಅದರಲ್ಲಿ. ಯಜಮಾನ್ರೇ ನಿದ್ದೆ ಮಾಡ್ಬೇಡಿ, ನನಗೂ ಒಂದು ಕೋಟು ಹೊಲೀಬೇಕು, ನನ್ನ ಭುಜ ಒಂದು ಕಡೆ ಇಳಿದಿದೆ, ಅದಕ್ಕೇನ್ ಮಾಡ್ತೀರಿ ಅಂದ. ಇವ್ರು, ಹತ್ತಿ ಇಡ್ತೀನಿ ಅಂದ್ರು. ಯಾವ ಬಣ್ಣ ಚೆನ್ನಾಗಿ ಕಾಣುತ್ತೆ ಅಂದ. ಬೂದು ಅಂದ್ರು. ಗುಂಡಿ ಎಷ್ಟು ಅಂದ. ಅದಕ್ಕೆ ಇವ್ರು ಏನೂ ಅನ್ಲಿಲ್ಲ. ಕೈ ನನ್ನ ಕೈಯಲ್ಲೇ ಇತ್ತು, ನನಗೆ ಗೊತ್ತಾಯ್ತು. ಅವನೂ ಕನ್ನಡೀಲಿ ನೋಡ್ದ, ಅವನಿಗೂ ಗೊತ್ತಾಯ್ತು. ಆದ್ರೆ ನಿಲ್ಲಿಸ್ಲಿಲ್ಲ ಸಾರ್. ಒಳಜೇಬು ಬೇಕು ಯಜಮಾನ್ರೇ, ಕಾಲರ್ ಅಗಲ ಬೇಡ ಯಜಮಾನ್ರೇ ಅಂತ, ದೊಡ್ಡಾಸ್ಪತ್ರೆ ಬರೋವರೆಗೂ ಕೇಳ್ತಾನೇ ಇದ್ದ. ಗಾಡಿ ಒಳಗೆ ನಾನೊಬ್ಳೇ ಅಂತ ಅನ್ನಿಸಬಾರದು ಅಂತ. ಅಷ್ಟು ದೂರ ಅವ್ರು ಇದ್ದ ಹಾಗೇ ಇತ್ತು."

ಫ್ಯಾನು ಸದ್ದು ಮಾಡಿತು. ಅಧಿಕಾರಿ ಬರೆಯುವುದನ್ನು ಯಾವಾಗಲೋ ನಿಲ್ಲಿಸಿದ್ದರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಚಾಲಕ, ತನ್ನ ಇಳಿದ ಭುಜವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಮುಖವನ್ನು ಗೋಡೆಯ ಕಡೆ ಮಾಡಿದ್ದ. ಈ ಮಾತನ್ನು ಅವನು ತನ್ನ ವಕೀಲನಿಗೂ ಹೇಳಿರಲಿಲ್ಲ. ವಕೀಲ ಕೇಳಿರಲೂ ಇಲ್ಲ. ಕೇಳಬಹುದಾದ ಪ್ರಶ್ನೆಯೇ ಅದಾಗಿರಲಿಲ್ಲ. ಕೆಲವು ವಾರಗಳ ನಂತರ ಚಾಲಕನನ್ನು ವಾಪಸು ತೆಗೆದುಕೊಂಡರು. ತಪ್ಪು ಯಾರದೆಂದು ಮಾತ್ರ ಆ ಆದೇಶದಲ್ಲಿ ಇರಲಿಲ್ಲ. ಹಳೆಯ ಆಸ್ಪತ್ರೆಯ ಬಾಗಿಲಿಗೆ ಒಂದು ಬೋರ್ಡು ಬಂತು, ತುರ್ತು ವಿಭಾಗ ಬರಲಿಲ್ಲ. ಆ ಮಧ್ಯಾಹ್ನ ಆದದ್ದು ಇಷ್ಟೇ: ಅಧಿಕಾರಿ ಕನ್ನಡಕ ತೆಗೆದು ಒರೆಸಿ, "ಆಯ್ತಮ್ಮ, ನಿಧಾನವಾಗಿ ಹೋಗಿಬನ್ನಿ" ಎಂದರು, ನೆಗಡಿಯ ದನಿಯಲ್ಲಿ.

ಹೊರಗೆ ಮೆಟ್ಟಿಲ ಹತ್ತಿರ ಅವಳೂ ಚಾಲಕನೂ ನಿಂತು ಮಾತಾಡತೊಡಗಿದರು. ಅವಳು ಕೈಚೀಲದಿಂದ ಟೇಪು ತೆಗೆದು ಅವನ ಬೆನ್ನಿನ ಮೇಲೆ ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹಿಡಿದಳು. ಅವನು ಬೇಡ ಬೇಡ ಎನ್ನುತ್ತ ನೆಟ್ಟಗೆ ನಿಂತುಕೊಂಡ. ವಕೀಲನಿಗೆ ಅವರ ಹತ್ತಿರ ಹೋಗಬೇಕು, ಏನಾದರೂ ಹೇಳಬೇಕು ಅನ್ನಿಸಿತು. ಹೋಗಲಿಲ್ಲ. ಕಂಬದ ನೆರಳಿನಲ್ಲಿ ನಿಂತ. ಅಲ್ಲಿಗೆ ಅವರ ಮಾತು ಕೇಳಿಸುತ್ತಿರಲಿಲ್ಲ. ಇಬ್ಬರೂ ಏನಕ್ಕೋ ನಕ್ಕರು, ಆಮೇಲೆ ಅವಳು ಮತ್ತೆ ಏನೋ ಹೇಳುತ್ತ ಹೋದಳು, ಕೈ ಆಡಿಸುತ್ತ, ಉದ್ದಕ್ಕೆ.